ಶ್ರವಣದಿಂದ ಗೋಷ್ಠಿಗೆ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಮೊದಲಾದ ಪಶ್ಚಿಮ ಬೆಂಗಳೂರಿನ ಬಡಾವಣೆಗಳಲ್ಲಿ ಪ್ರವಚನಗಳಿಗೆ ಬರವಿಲ್ಲ. ಶ್ರಾವಣ ಮಾಸ ಬಂದಿತೆಂದರೆ ಸಭಾಭವನಗಳು ತುಂಬುತ್ತವೆ. ವಿದ್ವಾಂಸರು ನುಡಿಯುತ್ತಾರೆ, ಶ್ರೋತೃಗಳು ತಲೆದೂಗಿ, ಪ್ರಸಾದ ಸ್ವೀಕರಿಸಿ ಮನೆಗೆ ತೆರಳುತ್ತಾರೆ. ಶ್ರವಣವು ಶ್ರೇಯಸ್ಕರವೆಂಬುದು ನಿರ್ವಿವಾದ. ಆದರೆ ಶ್ರವಣದ ಮುಂದೆ ಮನನವೆಂಬ ಮೆಟ್ಟಿಲೊಂದುಂಟು. ಅದನ್ನೇರಲು ನಾಲ್ವರು ಕೂಡಿ ಓದುವ, ಕೇಳುವ, ಉತ್ತರಿಸುವ ಗೋಷ್ಠಿ ಅವಶ್ಯಕ.

ಇದು ಶರಣರಿಗೆ ಹೊಸತಲ್ಲ. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಸಂಕಲಿಸಿದ 'ಶೂನ್ಯಸಂಪಾದನೆ'ಯು ಆದ್ಯಂತವಾಗಿ ಸಂವಾದರೂಪದ ಗ್ರಂಥ. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಗೆ ಅಲ್ಲಿ ಎದುರಾದುವು ಅಲ್ಲಮಪ್ರಭುವಿನ ಕಠಿನ ಪ್ರಶ್ನೆಗಳು. ಆಕೆ ಹಿಂಜರಿಯದೆ ಉತ್ತರಿಸಿದಳು. ಆಯ್ದಕ್ಕಿ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಸತಿ ಲಕ್ಕಮ್ಮನು ಆತನನ್ನು ತಿದ್ದಿದ ಪ್ರಸಂಗವು ಶರಣಸಾಹಿತ್ಯದಲ್ಲಿ ಗೌರವದ ಸ್ಥಾನ ಪಡೆದಿದೆ. ಪ್ರಶ್ನಿಸುವುದು ಅವಿನಯವೆಂದು ಆ ಪರಂಪರೆ ಬಗೆಯಲಿಲ್ಲ.

ಸಮೀಪಕಾಲದ ನಿದರ್ಶನವೂ ಈ ನಗರದಲ್ಲಿಯೇ ಉಂಟು. ಡಿ.ವಿ. ಗುಂಡಪ್ಪನವರು 1945ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರಸಂಸ್ಥೆಯು ಕೂಡಿ ಓದುವ ಅಧ್ಯಯನಗೋಷ್ಠಿಗೆ ಮನೆಯಾಯಿತು. ಗೀತೆಯನ್ನು ಕುರಿತ ಅವರ 'ಜೀವನಧರ್ಮಯೋಗ'ಕ್ಕೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು.

ಗ್ರಂಥಗಳ ಅಭಾವವೆಂಬ ನೆಪಕ್ಕೂ ಇಂದು ಎಡೆಯಿಲ್ಲ. ಡಾ. ಫ.ಗು. ಹಳಕಟ್ಟಿಯವರು ಓಲೆಗರಿಗಳನ್ನರಸಿ 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದರು. ಮುಂದೆ ಕರ್ನಾಟಕ ಸರ್ಕಾರವು ಸಮಗ್ರ ವಚನಸಾಹಿತ್ಯವನ್ನು 15 ಸಂಪುಟಗಳಲ್ಲಿ ಹೊರತಂದಿತು. ಪುಸ್ತಕವಿದೆ, ಅದರ ಸುತ್ತ ಕುಳಿತುಕೊಳ್ಳುವವರು ಬೇಕಾಗಿದ್ದಾರೆ.

ಗುರುವಿಲ್ಲದ ಚರ್ಚೆಯು ವಿತಂಡವಾದಕ್ಕೆ ಇಳಿಯುವುದೆಂಬ ಶಂಕೆ ಕೆಲವರಿಗುಂಟು. ಶಂಕೆ ನಿರಾಧಾರವಲ್ಲ, ಪರಿಹಾರವೂ ದುರ್ಲಭವಲ್ಲ. ಹತ್ತು ಮಂದಿ ಸಾಕು. ಒಂದು ಸಂಜೆಗೆ ಒಂದೇ ವಚನ. ಓದದೆ ಬಂದವರು ಆಲಿಸಬೇಕು. ಓದಿ ಬಂದವರು ಮಾತನಾಡಬೇಕು. ಪಂಡಿತನು ಪದಾರ್ಥದಲ್ಲಿ ತಪ್ಪಾದಾಗ ತಿದ್ದಲಿ. ಭಾವಾರ್ಥದಲ್ಲಿ ಎಲ್ಲರಂತೆ ತಾನೂ ಒಬ್ಬನಾಗಿರಲಿ. ಗೃಹಿಣಿಯ ಸಂದೇಹಕ್ಕೂ ನಿವೃತ್ತ ಅಧಿಕಾರಿಯ ಸಂದೇಹಕ್ಕೂ ಒಂದೇ ಮನ್ನಣೆ ಸಲ್ಲಲಿ.

ಇದರಿಂದ ವಿದ್ಯಾಸಂಸ್ಥೆಗೇನು ಲಾಭವೆಂದು ಕೇಳಬಹುದು. ಸ್ಪರ್ಧೆಗಾಗಿ ಐವತ್ತು ವಚನಗಳನ್ನು ಕಂಠಪಾಠ ಮಾಡಿ ಬಹುಮಾನ ಪಡೆದ ಬಾಲಕನು ಒಂದರ ಅರ್ಥವನ್ನೂ ವಿಚಾರಿಸದೆ ಶಾಲೆ ಬಿಟ್ಟರೆ, ಆ ಲೋಪವು ಅವನದಲ್ಲ. ಹಿರಿಯರು ಕೇವಲ ತಲೆದೂಗುವುದನ್ನು ಕಂಡ ಮಗು ತಲೆದೂಗುವುದನ್ನೇ ಕಲಿಯುತ್ತದೆ. ದಾನಿಗಳು ಕಟ್ಟಡಗಳನ್ನು ಕಟ್ಟಿಸಿಕೊಟ್ಟಿರುವುದು ಸ್ತುತ್ಯರ್ಹ. ಅವುಗಳ ಒಂದು ಕೊಠಡಿಯ ದೀಪವನ್ನು ವಾರಕ್ಕೊಂದು ಸಂಜೆ ಬೆಳಗಿಸಿ, ಉಪಾಧ್ಯಾಯರೂ ಹಳೆಯ ವಿದ್ಯಾರ್ಥಿಗಳೂ ದಾನಿಗಳೊಡನೆ ಒಂದೇ ಚಾಪೆಯಲ್ಲಿ ಕುಳಿತು ಓದಿದರೆ, ಆ ದಾನವು ಸಾರ್ಥಕವಾದೀತು.