ಹಳೇ ಜಿಪ್ಸಿಗೆ ಹೊಸ ಜಿಮ್ನಿಯ ಶಾಕ್ ಹಾಕಿಸೋ ಮುಂಚೆ...

ಮೊನ್ನೆ ಭಾನುವಾರ ಪರಿಚಯದ ಹುಡುಗನೊಬ್ಬ ಫೋನ್ ಮಾಡಿದ್ದ. ನಮ್ಮ ಧಾರವಾಡ ಕಡೆಯವನು, ಪುಣೆಗೆ ಬಂದು ನಾಲ್ಕು ವರ್ಷ ಆಗಿದೆ. ಈಚೆಗೆ ಒಂದು ಹಳೇ ಜಿಪ್ಸಿ ಕೊಂಡಿದ್ದಾನೆ. "ಅಂಕಲ್, ಜಿಮ್ನಿಯಿಂದ ಬಿಚ್ಚಿದ ಶಾಕ್ ಅಬ್ಸಾರ್ಬರ್ ಅಗ್ಗಕ್ಕೆ ಸಿಗ್ತಾ ಇವೆ, ಹಾಕಿಸ್ಲಾ?" ಅಂದ. "ಬೇಡ ಮಾರಾಯ" ಅಂದೆ. ಯಾಕೆ ಅಂತ ಫೋನಲ್ಲಿ ಹೇಳಿ ಮುಗಿಸೋ ಮಾತಲ್ಲ. ಅದಕ್ಕೇ ಇಲ್ಲಿ ಬರೀತಾ ಇದ್ದೀನಿ. ಇದೇ ತಪ್ಪನ್ನ ಎರಡು ವರ್ಷದ ಹಿಂದೆ ನಾನೂ ಮಾಡಿದ್ದೆ.

ನನ್ನದು 1998ರ ಜಿಪ್ಸಿ ಕಿಂಗ್. ಜಿಪ್ಸಿ ನಮ್ಮ ದೇಶಕ್ಕೆ ಬಂದಿದ್ದು 1985ರಲ್ಲಿ. ನಾಲ್ಕೂ ಚಕ್ರಕ್ಕೆ ಲೀಫ್ ಸ್ಪ್ರಿಂಗ್, ಅಂದ್ರೆ ಗ್ಯಾರೇಜಿನವರು ಹೇಳೋ ಪ್ಲೇಟು. ಅದೇ ವಂಶದ ಕಿರಿಯ ಕುಡಿ ಐದು ಬಾಗಿಲಿನ ಜಿಮ್ನಿ ಇಲ್ಲಿ ಮಾರಾಟಕ್ಕೆ ಬಂದಿದ್ದು 2023ರಲ್ಲಿ. ಅದರ ನಾಲ್ಕೂ ಚಕ್ರಕ್ಕೆ ಕಾಯಿಲ್ ಸ್ಪ್ರಿಂಗ್. ಎರಡಕ್ಕೂ ಹಿಂದೆ ಮುಂದೆ ಒಂದೇ ತುಂಡಿನ ಗಟ್ಟಿ ಆಕ್ಸಲ್. ನೋಡೋದಕ್ಕೆ ಅಣ್ಣ ತಮ್ಮ ಇದ್ದ ಹಾಗೆ. "ತಮ್ಮನ ಅಂಗಿ ಅಣ್ಣನಿಗೆ ಆಗಲ್ವಾ?" ಅನ್ನಿಸೋದು ಸಹಜ.

ಸ್ನೇಹಿತರೊಬ್ಬರು ತಮ್ಮ ಹೊಸ ಜಿಮ್ನಿಯನ್ನ ಎತ್ತರ ಮಾಡಿಸಿ, ಬಿಚ್ಚಿದ ಶಾಕ್‌ಗಳನ್ನ ನನಗೆ ಸುಮ್ಮನೆ ಕೊಟ್ಟರು. ಹೊಸದರಂತೆಯೇ ಇದ್ದವು. ಬಿಟ್ಟಿ ಸಿಕ್ಕಿದ್ದನ್ನ ಬಿಡೋರುಂಟಾ! ಇಪ್ಪತ್ತು ವರ್ಷದಿಂದ ನನ್ನ ಗಾಡಿ ನೋಡ್ತಾ ಬಂದಿರೋ ಮರಾಠಿ ಮೇಸ್ತ್ರಿ ಒಂದೇ ಮಾತು ಹೇಳಿದ್ದ: "ಸಾಹೇಬ್, ಆಧೀ ಮಾಪ್ ಘ್ಯಾ." ಮೊದಲು ಅಳತೆ ತಗೊಳ್ಳಿ ಅಂತ. ನನಗೆ ಅವಸರ. ಬೇರೆ ಕಡೆ ಹೋಗಿ, ಬುಷ್ ಕೂರಿಸೋಕೆ ಸ್ಲೀವ್ ಮಾಡಿಸಿ, ಒಂದೇ ಮಧ್ಯಾಹ್ನದಲ್ಲಿ ಹಾಕಿಸಿಬಿಟ್ಟೆ.

ಹೆದ್ದಾರಿಯಲ್ಲಿ ಭಾರೀ ಖುಷಿ ಆಯ್ತು, ಸುಳ್ಳು ಹೇಳಲ್ಲ. ತಿರುವಿನಲ್ಲಿ ಓಲಾಟ ಕಡಿಮೆ. ಆದರೆ ಮಳೆಗಾಲದ ತಾಮ್ಹಿಣಿ ಘಾಟಿನ ಕಿತ್ತುಹೋದ ರಸ್ತೆಯಲ್ಲಿ ಹಿಂದಿನಿಂದ ಸುತ್ತಿಗೆ ಏಟಿನ ಸದ್ದು ಶುರುವಾಯ್ತು. ಪ್ಲೇಟಿನ ಸದ್ದು ಇರಬೇಕು ಅಂದುಕೊಂಡೆ.

ಮುಂದಿನ ವಾರ ಊರಿಗೆ ಹೊರಡೋದಿತ್ತು. ಸಕಲೇಶಪುರದಿಂದ ಅಪ್ಪನನ್ನ ಕೂರಿಸಿಕೊಂಡು, ಶಿರಾಡಿ ಘಾಟಿ ಇಳಿದು ಮಂಗಳೂರಿನ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕಿತ್ತು. ಹೊರಡೋ ಮುಂಚೆ ಎಣ್ಣೆ ಬದಲಿಸೋಕೆ ಅಂತ ಹಳೇ ಮೇಸ್ತ್ರಿ ಹತ್ರ ಹೋದೆ. ಅವನು ಗಾಡಿ ಕೆಳಗೆ ತೂರಿ, ಬ್ಯಾಟರಿ ಬಿಟ್ಟು, ನನ್ನನ್ನೂ ಕರೆದ. ಬಲಗಡೆ ಹಿಂದಿನ ಶಾಕ್‌ನ ಮೇಲಿನ ಬ್ರಾಕೆಟ್ ಮುಕ್ಕಾಲು ಪಾಲು ಬಿರುಕು ಬಿಟ್ಟಿತ್ತು. ಅದು ಘಾಟಿಯಲ್ಲಿ ಕಿತ್ತು ಬಂದು ಬ್ರೇಕ್ ಪೈಪಿಗೆ ಹೊಡೆದಿದ್ರೆ? ಅಪ್ಪ ಪಕ್ಕದಲ್ಲಿ ಕೂತಿರುವಾಗ? ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕಾರಣ ಸರಳ. ಆಕ್ಸಲ್ ಮೇಲಕ್ಕೆ ಬಂದಾಗ ಅದನ್ನ ತಡೆಯಬೇಕಾದ್ದು ಬಂಪ್ ಸ್ಟಾಪ್ ರಬ್ಬರು. ನನ್ನ ಗಾಡಿಯಲ್ಲಿ ಅದು ಸವೆದು ಹೋಗಿತ್ತು. ಹಾಗಾಗಿ ಅದಕ್ಕಿಂತ ಮೊದಲೇ ಶಾಕ್ ಪೂರ್ತಿ ಮುಚ್ಚಿಕೊಂಡು, ಏಟೆಲ್ಲ ಬ್ರಾಕೆಟ್ಟಿಗೆ ಬೀಳ್ತಾ ಇತ್ತು. ತಪ್ಪು ಆ ಶಾಕ್‌ನದಲ್ಲ, ಅಳತೆ ನೋಡದ ನನ್ನದು.

ಇದರಲ್ಲಿ ಎರಡು ವಿಷಯ ಇದೆ ಸ್ವಾಮಿ. ಮೊದಲನೇದು ಉದ್ದ. ಗಾಡಿ ಎತ್ತಿ, ಹಳೇ ಶಾಕ್ ಬಿಚ್ಚಿ, ಆಕ್ಸಲ್ ಜೋತು ಬಿದ್ದಾಗ ಮೇಲಿನ ಬೋಲ್ಟಿನಿಂದ ಕೆಳಗಿನ ಬೋಲ್ಟಿಗೆ ಎಷ್ಟು ಅಂತ ಅಳೀಬೇಕು. ಆಕ್ಸಲ್ ಬಂಪ್ ಸ್ಟಾಪಿಗೆ ತಾಗಿದಾಗ ಮತ್ತೆ ಅಳೀಬೇಕು. ಪೂರ್ತಿ ಮುಚ್ಚಿದ ಶಾಕ್ ಎರಡನೇ ಅಳತೆಗಿಂತ ಎರಡು ಮೂರು ಸೆಂಟಿಮೀಟರ್ ಗಿಡ್ಡ ಇರಬೇಕು. ಪೂರ್ತಿ ಎಳೆದ ಶಾಕ್ ಮೊದಲನೇ ಅಳತೆಗಿಂತ ಗಿಡ್ಡ ಇರಬಾರದು, ಇದ್ದರೆ ಜೋತುಬಿದ್ದ ಆಕ್ಸಲಿನ ಭಾರವನ್ನ ಶಾಕೇ ಹೊರಬೇಕಾಗುತ್ತೆ.

ಎರಡನೇದು ಹೆಚ್ಚಿನವರು ಮರೆಯೋ ಸಂಗತಿ. ಗಾಡಿಯ ಭಾರ ಹೊರೋದು ಸ್ಪ್ರಿಂಗು. ಶಾಕ್‌ನ ಕೆಲಸ ಸ್ಪ್ರಿಂಗಿನ ಕುಣಿತ ನಿಲ್ಲಿಸೋದು. ಒಳಗಿನ ಪಿಸ್ಟನ್ ಎಣ್ಣೆಯನ್ನ ಸಣ್ಣ ತೂತುಗಳಿಂದ ತಳ್ಳುತ್ತೆ, ಕುಣಿತದ ಶಕ್ತಿ ಬಿಸಿಯಾಗಿ ಕಳೆದು ಹೋಗುತ್ತೆ. ಪ್ಲೇಟು ಸ್ಪ್ರಿಂಗಿನಲ್ಲಿ ಪ್ಲೇಟಿಗೆ ಪ್ಲೇಟು ಉಜ್ಜಿಕೊಂಡು ಸ್ವಲ್ಪ ಕುಣಿತ ತಾನಾಗೇ ನಿಲ್ಲುತ್ತೆ. ಕಾಯಿಲ್‌ನಲ್ಲಿ ಆ ಉಜ್ಜಾಟ ಇಲ್ಲ, ಎಲ್ಲವನ್ನೂ ಶಾಕೇ ಮಾಡಬೇಕು. ಸಾಲದ್ದಕ್ಕೆ ಜಿಪ್ಸಿ ಸುಮಾರು 1000 ಕೆಜಿ, ಜಿಮ್ನಿ ಸುಮಾರು 1200 ಕೆಜಿ. ಒಂದು ಗಾಡಿಯ ಭಾರ, ಸ್ಪ್ರಿಂಗು ನೋಡಿ ಹೊಂದಿಸಿದ ಶಾಕ್ ಇನ್ನೊಂದಕ್ಕೆ ಹೊಂದುತ್ತೆ ಅಂತ ಹೇಗೆ ನಂಬೋದು?

ಹಾಗಂತ "ಹಳೇ ಗಾಡಿಗೆ ಹಳೇ ಸಾಮಾನೇ ಸರಿ" ಅನ್ನೋರ ಪಕ್ಷದವನೂ ಅಲ್ಲ ನಾನು. ಹೊಸ ಕಾಲದ ಗ್ಯಾಸ್ ಶಾಕ್ ನಿಜಕ್ಕೂ ಒಳ್ಳೇದು. ಒಳಗಿನ ನೈಟ್ರೋಜನ್ ಒತ್ತಡದಿಂದ ಎಣ್ಣೆ ಬೇಗ ನೊರೆಯಾಗಲ್ಲ. ಗಂಟೆಗಟ್ಟಲೆ ಕೆಟ್ಟ ರಸ್ತೆ ಓಡಿಸಿದ್ರೂ ಬಿಗಿ ಉಳಿಯುತ್ತೆ. ನನ್ನ ವಾದ ಇಷ್ಟೇ: ಜಿಪ್ಸಿಯ ಉದ್ದಕ್ಕೆ, ಜಿಪ್ಸಿಯ ಪ್ಲೇಟಿಗೆ ಅಂತಲೇ ಮಾಡಿದ ಗ್ಯಾಸ್ ಶಾಕ್ ತಗೊಳ್ಳಿ. ಇನ್ನೊಂದು ಗಾಡಿಯಿಂದ ಬಿಚ್ಚಿದ್ದು ಬೇಡ.

ಅದಕ್ಕೂ ಮುಂಚೆ ಪ್ಲೇಟು ಬಿಚ್ಚಿ ತುಕ್ಕು ಉಜ್ಜಿಸಿ, ಗ್ರೀಸ್ ಹಾಕಿಸಿ, ಶ್ಯಾಕಲ್ ಬುಷ್ ಮತ್ತು ಬಂಪ್ ಸ್ಟಾಪ್ ಹೊಸದು ಹಾಕಿಸಿ. ನನ್ನ ಗಾಡಿಯ ಅರ್ಧ ಕುಲುಕಾಟ ಇಷ್ಟಕ್ಕೇ ಹೋಯ್ತು. ಶಾಕ್ ಮೇಲೆ ಹಾಕಿದ್ದ ಅಪವಾದ ತುಕ್ಕಿನ ಮೇಲೆ ಹಾಕಬೇಕಿತ್ತು!

ಇನ್ನು ಕಾನೂನು. ಗಾಡಿ ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸ ಆಗೋ ಹಾಗೆ ಗಾಡಿ ಬದಲಾಯಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಸವೆದ ಶಾಕ್ ತೆಗೆದು ಅದೇ ಅಳತೆಯದ್ದು ಹಾಕೋದು ಬೇರೆ, ಚಾಸಿಗೆ ಹೊಸ ಬ್ರಾಕೆಟ್ ಬೆಸೆದು ಗಾಡಿ ಎತ್ತರಿಸೋದು ಬೇರೆ. ಹದಿನೈದು ವರ್ಷ ದಾಟಿದ ಗಾಡಿಯನ್ನ ಮರುನೋಂದಣಿಗೆ ಒಯ್ಯೋರು ಇದನ್ನ ನೆನಪಿಟ್ಟುಕೊಳ್ಳಿ.

ಅಂದ ಹಾಗೆ, ಆ ಸಲ ಅಪ್ಪನನ್ನ ಆಸ್ಪತ್ರೆಗೆ ಬಾಡಿಗೆ ಕಾರಿನಲ್ಲೇ ಕರ್ಕೊಂಡು ಹೋದೆ. ಮುಂದಿನ ಸಲ ಜಿಪ್ಸಿಯಲ್ಲಿ. ಗುಂಡ್ಯ ದಾಟೋವರೆಗೂ ಅಪ್ಪ ನಿದ್ದೆ ಮಾಡ್ತಾ ಇದ್ರು. ಎದ್ದು, "ಗಾಡಿ ಬದಲಾಯಿಸಿದ್ಯೇನೋ?" ಅಂದ್ರು. ಜಿಮ್ನಿಯ ಆ ನಾಲ್ಕು ಶಾಕ್ ಈಗಲೂ ನಮ್ಮ ಬಾಲ್ಕನಿಯಲ್ಲಿವೆ. ಧಾರವಾಡದ ಹುಡುಗನಿಗೂ ಕೊಡಲ್ಲ.

ನಿಮ್ಮಲ್ಲಿ ಯಾರಾದ್ರೂ ಅಳತೆ ನೋಡಿಯೇ ಇಂಥದ್ದು ಹಾಕಿಸಿ, ಚೆನ್ನಾಗಿ ಓಡಿಸ್ತಾ ಇದ್ದರೆ ಹೇಳಿ. ನನ್ನ ಮಾತು ತಿದ್ದಿಕೊಳ್ಳೋಕೆ ಸಿದ್ಧ.