ಮೂವತ್ತು ಜನಕ್ಕೊಂದು ಡ್ರಮ್

ಸಕಲೇಶಪುರದಿಂದ ಮೂಡಿಗೆರೆ ಕಡೆಗೆ ಹೋಗುವ ದಾರಿಯಲ್ಲಿರುವ ನಮ್ಮ ಹಾನುಬಾಳಿನ ಸುತ್ತಮುತ್ತ ಈಗ ಎಲ್ಲಿ ನೋಡಿದರೂ ಹೋಂಸ್ಟೇ ಬೋರ್ಡು. ಬೋರ್ಡಿನಲ್ಲಿ ಬೇರೆ ಏನಿರುತ್ತದೋ ಬಿಡುತ್ತದೋ, ‘ಕ್ಯಾಂಪ್‌ಫೈರ್, ಬಾರ್ಬೆಕ್ಯೂ’ ಎಂಬ ಎರಡು ಪದ ಇದ್ದೇ ಇರುತ್ತವೆ. ಮೂರ್ಕಣ್ಣು ಗುಡ್ಡ ನೋಡಲು ಬೆಂಗಳೂರಿನಿಂದ ಹೊರಡುವ ಗುಂಪು ಫೋನಿನಲ್ಲಿ ಮೊದಲು ಕೇಳುವುದೂ ಅದನ್ನೇ.

ನನ್ನ ಚಿಕ್ಕಪ್ಪನೂ ತೋಟದ ಹಳೆಯ ಮನೆಗೆ ನಾಲ್ಕು ರೂಮು ಸೇರಿಸಿ ಬೋರ್ಡು ಹಾಕಿದ್ದಾರೆ. ಎರಡು ವರ್ಷದ ಹಿಂದೆ ನಾನು ಹಾಸನದಲ್ಲಿ ಬಿಇಗೆ ಸೇರಿದ ಹೊಸತರಲ್ಲಿ, ‘ಇಂಜಿನಿಯರಿಂಗ್ ಓದ್ತಿದೀಯಲ್ಲೋ, ಬಾರ್ಬೆಕ್ಯೂ ಯಾವ್ದು ತಗಳ್ಳೋದು ಅಂತ ನೀನೇ ನೋಡಿ ಹೇಳು’ ಅಂದರು. ಜೀವನದಲ್ಲಿ ಮೊದಲ ಬಾರಿ ಯಾರೋ ನನ್ನನ್ನು ಇಂಜಿನಿಯರ್ ಅಂದುಕೊಂಡಿದ್ದರು. ಒಂದು ವಾರ ಕೂತು ವಿಡಿಯೊ ನೋಡಿದೆ, ಸ್ಟಾರ್ ಎಣಿಸಿದೆ, ಮಡಚಿ ಒಳಗಿಡಬಹುದಾದ ಒಂದು ಚಂದದ ಸ್ಟೀಲ್ ಪೆಟ್ಟಿಗೆಯನ್ನು ಆನ್‌ಲೈನ್‌ನಲ್ಲಿ ತರಿಸಿಕೊಟ್ಟೆ.

ಡಿಸೆಂಬರ್ ಕೊನೆಯ ವಾರ ಇಪ್ಪತ್ತಾರು ಜನರ ಗುಂಪು ಬಂತು. ಒಂದು ಸಲಕ್ಕೆ ಆರು ತುಂಡು ಹಿಡಿಯುವ ಪೆಟ್ಟಿಗೆ ಅದು. ಮುಚ್ಚಳ ಇಲ್ಲ. ಕೆಂಡಕ್ಕೂ ಮಾಂಸಕ್ಕೂ ನಡುವೆ ಒಂದು ಗೇಣೂ ಜಾಗ ಇಲ್ಲ. ಕೋಳಿಕಾಲು ಹೊರಗೆ ಕರಕಲು, ಮೂಳೆ ಹತ್ತಿರ ಕೆಂಪು. ಒಂಬತ್ತು ಗಂಟೆಗೆ ಹಸಿದವರ ಮುಖ ನೋಡಲಾಗದೆ ನಾನು ಹೊಗೆಯ ಹಿಂದೆ ಅಡಗಿಕೊಂಡೆ. ಹೊಗೆ ಹಾಕಿಸಿಕೊಳ್ಳುವುದು ಅಂತ ಹಾಸ್ಟೆಲಿನಲ್ಲಿ ಹೇಳುತ್ತೇವಲ್ಲ, ಅಕ್ಷರಶಃ ಅದೇ. ಕೊನೆಗೆ ಚಿಕ್ಕಮ್ಮ ಒಂದು ಮಾತೂ ಆಡದೆ ಬೇಸಿನ್ ತಂದು, ಆ ಅರೆಬೆಂದ ತುಂಡುಗಳನ್ನೆಲ್ಲ ಹಾಕಿಕೊಂಡು ಒಳಗೆ ಹೋದರು. ಕರಿ ಕೆರೆದು, ಮಸಾಲೆ ಅರೆದು ಸಾರು ಮಾಡಿದರು. ಅದಾಗಲೇ ನೂರರ ಮೇಲೆ ಅಕ್ಕಿರೊಟ್ಟಿ ತಟ್ಟಿದ್ದ ಕೈ ಅದು. ಅತಿಥಿಗಳು ಉಂಡು ಹೊಗಳಿದ್ದು ಸಾರನ್ನೇ. ರಾತ್ರಿ ಹನ್ನೊಂದೂವರೆಗೆ ಚಿಕ್ಕಮ್ಮ ಊಟಕ್ಕೆ ಕೂತಾಗ ನಾನು ಎದುರಿಗೆ ಕೂರಲಿಲ್ಲ.

ಆ ರಾತ್ರಿಯಿಂದ ನನಗೊಂದು ಅಭಿಪ್ರಾಯ ಹುಟ್ಟಿದೆ. ಗುಂಪಿಗೆ ಅಡುಗೆ ಮಾಡುವ ಬಾರ್ಬೆಕ್ಯೂವನ್ನು ಬ್ರ್ಯಾಂಡ್ ನೋಡಿ ಆರಿಸಬಾರದು. ಎಷ್ಟು ಜನ ಉಣ್ಣುತ್ತಾರೆ, ನಿಮ್ಮ ಹಿತ್ತಿಲಲ್ಲಿ ಯಾವ ಕಟ್ಟಿಗೆ ಇದೆ, ಅದರ ಮುಂದೆ ನಿಲ್ಲುವವರು ಯಾರು, ಈ ಮೂರನ್ನು ನೋಡಿ ಆರಿಸಬೇಕು. ಮೂರನೆಯದನ್ನು ಯಾವ ವಿಡಿಯೊದವನೂ ಹೇಳುವುದಿಲ್ಲ.

ಹೊಗೆಯಲ್ಲಿ ಮಾಂಸ ಹದ ಮಾಡುವುದು ನಮಗೆ ಹೊಸದೇನಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಉಪ್ಪುಕಂಡ ಒಣಗುತ್ತಿದ್ದುದನ್ನು ಅಜ್ಜಿಯಂದಿರು ಈಗಲೂ ಹೇಳುತ್ತಾರೆ. ಮಳೆಗಾಲದಲ್ಲಿ ಬಚ್ಚಲೊಲೆಯ ಕೆಂಡದಲ್ಲಿ ಹಲಸಿನ ಬೀಜ, ಒಣಮೀನು ಸುಟ್ಟು ತಿಂದೇ ನಾವು ಬೆಳೆದದ್ದು. ಹಾಗಿದ್ದೂ ಬಾರ್ಬೆಕ್ಯೂ ಅಂದ ಕೂಡಲೇ ನಮಗೆ ಎಲ್ಲ ಮರೆತುಹೋಗಿ, ಅದು ಪೆಟ್ಟಿಗೆಯಲ್ಲಿ ಪ್ಯಾಕ್ ಆಗಿ ಕೊರಿಯರ್‌ನಲ್ಲಿ ಬರುವ ವಸ್ತು ಅನಿಸಿಬಿಡುತ್ತದೆ. ಜಗತ್ತಿನಲ್ಲಿ ಬಹಳ ಹೆಸರು ಮಾಡಿರುವ ವೆಬರ್ ಕೆಟಲ್ ಕೂಡ ಹುಟ್ಟಿದ್ದು ಲೋಹದ ಕೆಲಸದ ಶೆಡ್ಡಿನಲ್ಲೇ. 1952ರಲ್ಲಿ ಅಮೆರಿಕದ ಶಿಕಾಗೊದ ವೆಬರ್ ಬ್ರದರ್ಸ್ ಮೆಟಲ್ ವರ್ಕ್ಸ್‌ನಲ್ಲಿದ್ದ ಜಾರ್ಜ್ ಸ್ಟೀಫನ್, ನೀರಿನಲ್ಲಿ ತೇಲಿಬಿಡುವ ಲೋಹದ ಬೋಯಾವನ್ನು ಎರಡು ಹೋಳು ಮಾಡಿ, ಒಂದು ಹೋಳನ್ನು ಒಲೆಯಾಗಿಸಿ ಇನ್ನೊಂದನ್ನು ಮುಚ್ಚಳ ಮಾಡಿದ್ದರು. ನಮ್ಮ ಪೇಟೆಯ ವೆಲ್ಡಿಂಗ್ ಶಾಪಿನಲ್ಲಿ ಆಗದ ಕೆಲಸವೇನಲ್ಲ ಅದು.

ಆ ಮುಚ್ಚಳವೇ ಎಲ್ಲದರ ಗುಟ್ಟು. ನನ್ನ ಸ್ಟೀಲ್ ಪೆಟ್ಟಿಗೆ ಸೋತದ್ದು ಯಾಕೆ ಅಂತ ನನಗೆ ಅರ್ಥವಾದದ್ದು ಹೀಟ್ ಟ್ರಾನ್ಸ್‌ಫರ್ ಕ್ಲಾಸಿನಲ್ಲಿ ಕೂತ ಮೇಲೆ. ಕೆಂಡದಿಂದ ನೇರ ಬರುವ ವಿಕಿರಣ ಶಾಖ ಮಾಂಸದ ಮೇಲ್ಮೈಯನ್ನು ಕ್ಷಣದಲ್ಲಿ ಸುಡುತ್ತದೆ. ಆದರೆ ಒಳಕ್ಕೆ ಶಾಖ ಹೋಗುವುದು ನಿಧಾನ. ತುಂಡಿನ ದಪ್ಪ ಎರಡರಷ್ಟಾದರೆ ಒಳಗೆ ಬೇಯುವ ಸಮಯ ಹೆಚ್ಚುಕಡಿಮೆ ನಾಲ್ಕರಷ್ಟಾಗುತ್ತದೆ. ಸೀಖು ಕಬಾಬಿಗೆ ಬರಿಯ ಕೆಂಡ ಸಾಕು. ಇಡೀ ಕೋಳಿಕಾಲಿಗೆ, ಹಂದಿಯ ದಪ್ಪ ತುಂಡಿಗೆ, ಕೆಂಡ ದೂರ ಇರಬೇಕು, ಮುಚ್ಚಳ ಬೇಕು, 110ರಿಂದ 135 ಡಿಗ್ರಿ ಸೆಲ್ಸಿಯಸ್‌ನ ಬಿಸಿಗಾಳಿ, ಹೊಗೆ ಸುತ್ತಲೂ ಆಡಬೇಕು. ಸ್ಮೋಕರ್ ಅಂದರೆ ಅಷ್ಟೇ.

ಈಗ ಜನರ ಲೆಕ್ಕ. ಒಂದು ಇಡೀ ಕೋಳಿಕಾಲು ಜಾಲರಿಯ ಮೇಲೆ ಸುಮಾರು 12 ಸೆಂ.ಮೀ. ಅಗಲ, 15 ಸೆಂ.ಮೀ. ಉದ್ದದ ಜಾಗ ಹಿಡಿಯುತ್ತದೆ. 57 ಸೆಂ.ಮೀ. ವ್ಯಾಸದ ಕೆಟಲ್‌ನಲ್ಲಿ ಕೆಂಡವನ್ನು ಒಂದು ಬದಿಗೆ ಸರಿಸಿ ಇನ್ನೊಂದು ಬದಿಯಲ್ಲಿ ಬೇಯಿಸಬೇಕಾದ್ದರಿಂದ ಅರ್ಧ ಜಾಗ ಮಾತ್ರ ಸಿಗುತ್ತದೆ, ಅಂದರೆ ಆರೇಳು ಕಾಲು. ಐದಾರು ಜನರ ಮನೆಗೆ ಅದು ಬಹಳ ಒಳ್ಳೆಯ ವಸ್ತು, ದುಡ್ಡಿದ್ದವರು ತಗೊಳ್ಳಲಿ. ಮೂವತ್ತು ಜನಕ್ಕೆ ಅದರಲ್ಲಿ ಬೇಯಿಸಲು ಹೊರಟರೆ ನಾಲ್ಕನೇ ಸರದಿಯವರು ಮಲಗಿರುತ್ತಾರೆ.

200 ಲೀಟರ್ ಡ್ರಮ್ಮಿನ ಅಗಲವೂ ಅಷ್ಟೇ, ಸುಮಾರು 57 ಸೆಂ.ಮೀ. ಆದರೆ ಎತ್ತರ 85ರ ಮೇಲಿದೆ. ಅದನ್ನು ನಿಲ್ಲಿಸಿ, ಕೆಂಡದ ಬುಟ್ಟಿಯನ್ನು ತಳದಲ್ಲಿಟ್ಟರೆ ಮೇಲಿನ ಜಾಲರಿ ಪೂರ್ತಿ ಬಳಕೆಗೆ ಬರುತ್ತದೆ. ಹನ್ನೆರಡು ಕಾಲು ಹಿಡಿಸುತ್ತವೆ. ಒಂದು ಗೇಣು ಬಿಟ್ಟು ಎರಡನೇ ಜಾಲರಿ ಹಾಕಿದರೆ ಇಪ್ಪತ್ತನಾಲ್ಕು. ಹೆಚ್ಚಿನ ಹೋಂಸ್ಟೇಗಳಲ್ಲಿ ಡ್ರಮ್ಮನ್ನು ಅಡ್ಡ ಮಲಗಿಸಿ ಉದ್ದಕ್ಕೆ ಸೀಳಿರುತ್ತಾರೆ, ಜಾಗ ಅದರಲ್ಲೂ ಇಷ್ಟೇ ಸಿಗುತ್ತದೆ. ಆದರೆ ಅದು ಉದ್ದಕ್ಕೂ ಕೆಂಡ ಕೇಳುತ್ತದೆ, ಇದ್ದಿಲು ತಿನ್ನುತ್ತದೆ, ಒಬ್ಬ ಆಳು ಇಡೀ ಸಂಜೆ ಹೊಗೆ ಕುಡಿಯುತ್ತ ತಿರುವಿ ಹಾಕುತ್ತಲೇ ನಿಂತಿರಬೇಕು. ನಿಂತ ಡ್ರಮ್ಮಿಗೆ ತಳದಲ್ಲಿ ಮುಕ್ಕಾಲು ಇಂಚಿನ ನಾಲ್ಕು ಪೈಪು, ಅದಕ್ಕೆ ಮುಚ್ಚಳ, ಮೇಲ್ಮುಚ್ಚಳಕ್ಕೆ ಹೊಗೆ ಹೋಗಲು ತೂತು ಮಾಡಿದರೆ ಮುಗಿಯಿತು. ಎಷ್ಟು ಗಾಳಿ ಬಿಡುತ್ತೀರೋ ಅಷ್ಟೇ ಬೆಂಕಿ. ನಾಲ್ಕು ಕೆಜಿ ಇದ್ದಿಲು ಹಾಕಿದರೆ ಮಧ್ಯಾಹ್ನದಿಂದ ರಾತ್ರಿ ಊಟದವರೆಗೆ ನಮ್ಮ ಡ್ರಮ್ ಬಿಸಿ ಬಿಡುವುದಿಲ್ಲ. ನಡುವೆ ಎರಡು ಸಲ ಹೋಗಿ ನೋಡಿದರೆ ಸಾಕು. ಡ್ರಮ್, ಜಾಲರಿ, ವೆಲ್ಡಿಂಗ್ ಎಲ್ಲ ಸೇರಿ ನಮಗಾದ ಖರ್ಚು ಐದು ಸಾವಿರದ ಇನ್ನೂರು ರೂಪಾಯಿ.

ಆದರೆ ಯಾವ ಡ್ರಮ್? ಇಲ್ಲಿ ನಮ್ಮ ಊರಿನವರ ಮೇಲೆ ನನಗೆ ತಕರಾರಿದೆ. ತೋಟದಲ್ಲಿ ಮೂಲೆಯಲ್ಲಿ ಬಿದ್ದಿದೆಯಲ್ಲ ಅಂತ ಔಷಧಿ ಹೊಡೆಯಲು ಇಟ್ಟ ಬ್ಯಾರಲ್ಲನ್ನೇ ಸೀಳುತ್ತಾರೆ. ಬೋರ್ಡೋ ದ್ರಾವಣ ಅಂದರೆ ಮೈಲುತುತ್ತ ಮತ್ತು ಸುಣ್ಣ. ಅದಲ್ಲದೆ ಅದೇ ಬ್ಯಾರಲ್ಲಿನಲ್ಲಿ ಕೀಟನಾಶಕವೂ ಕಲಸಿರುತ್ತದೆ. ಅಂಥದ್ದರಲ್ಲಿ ಬೇಯಿಸಿದ್ದನ್ನು ಯಾರ ಮಕ್ಕಳಿಗೂ ಕೊಡಬಾರದು. ಥಿನ್ನರ್, ಪೆಟ್ರೋಲು ಇದ್ದ ಡ್ರಮ್ಮಂತೂ ಇನ್ನೂ ಅಪಾಯ. ಖಾಲಿ ಅನಿಸಿದರೂ ಒಳಗೆ ಆವಿ ಉಳಿದಿರುತ್ತದೆ, ಕಟ್ಟರ್ ಇಟ್ಟ ಕೂಡಲೇ ಸಿಡಿಯಬಹುದು. ಆಹಾರ ಪದಾರ್ಥ ತುಂಬಿದ್ದ ಡ್ರಮ್ಮೇ ಬೇಕು. ಕೃಷ್ಣಗಿರಿ, ಚಿತ್ತೂರು ಕಡೆಯ ಕಾರ್ಖಾನೆಗಳಿಂದ ಮಾವಿನ ತಿರುಳು ದೊಡ್ಡ ಚೀಲದಲ್ಲಿ ತುಂಬಿ ಇಂಥ ಕಬ್ಬಿಣದ ಡ್ರಮ್ಮಿನಲ್ಲೇ ಹೋಗುತ್ತದೆ. ಬಾಯಿ ಪೂರ್ತಿ ತೆರೆಯುವಂಥ ಡ್ರಮ್ ಅದು, ಮುಚ್ಚಳವೂ ಜೊತೆಗೇ ಬರುತ್ತದೆ. ಗುಜರಿಯಲ್ಲಿ ಕೇಳಿ ಹುಡುಕಿಸಬೇಕು. ನಮಗೆ ಸಿಗಲು ಒಂದೂವರೆ ತಿಂಗಳು ಹಿಡಿಯಿತು. ತಂದ ಮೇಲೆ ಒಳಗೆ ಕಟ್ಟಿಗೆ ತುಂಬಿ, ಬಣ್ಣವೆಲ್ಲ ಸುಟ್ಟುಹೋಗುವ ತನಕ ಉರಿಸಿ, ತಿಕ್ಕಿ ತೊಳೆದು, ಮತ್ತೆ ಎಣ್ಣೆ ಸವರಿ ಕಾಯಿಸಬೇಕು. ಜಾಲರಿಗೆ ಜಿಐ ಮೆಶ್ ಬೇಡ. ಅದರ ಮೇಲಿನ ಸತು ಸುಮಾರು 420 ಡಿಗ್ರಿಗೆ ಕರಗುತ್ತದೆ, ಕೆಂಡದ ಶಾಖ ಅದಕ್ಕಿಂತ ಎಷ್ಟೋ ಹೆಚ್ಚು. ಸಾದಾ ಕಬ್ಬಿಣದ ಸರಳು ಅಥವಾ ಸ್ಟೇನ್‌ಲೆಸ್ ಸ್ಟೀಲ್ ಸಾಕು.

ಕಟ್ಟಿಗೆ ವಿಷಯದಲ್ಲಿ ನಾವು ಶ್ರೀಮಂತರು. ಕೊಯ್ಲು ಮುಗಿದು ಗಿಡ ಸವರಿದರೆ ಕಾಫಿ ಕೊಂಬೆ ರಾಶಿ. ಮಳೆಗೆ ಮುಂಚೆ ಮರಗಸಿ ಮಾಡಿದರೆ ಸೌದೆಯೇ ಸೌದೆ. ಗಟ್ಟಿಯಾದ ಹಳೆಯ ಕಾಫಿ ಬೊಡ್ಡೆಯನ್ನು ಶೀಟಿನ ಕೆಳಗೆ ಒಂದು ವರ್ಷ ಒಣಗಿಸಿಟ್ಟರೆ ಅದಕ್ಕಿಂತ ಒಳ್ಳೆಯ ಹೊಗೆ ನಾನು ಕಂಡಿಲ್ಲ. ಮೂರು ನಾಲ್ಕು ತುಂಡು ಸಾಕು. ಉಳಿದ ಶಾಖಕ್ಕೆ ಇದ್ದಿಲು, ಅದರಲ್ಲೂ ಅರಸೀಕೆರೆ ಕಡೆಯಿಂದ ಬರುವ ತೆಂಗಿನ ಚಿಪ್ಪಿನ ಇದ್ದಿಲು ಚೆನ್ನಾಗಿ ಕಾಯುತ್ತದೆ. ಹಸಿ ಕಟ್ಟಿಗೆ ಹಾಕಿದರೆ ದಟ್ಟ ಬಿಳಿ ಹೊಗೆ ಬಂದು ಮಾಂಸ ಕಹಿಯಾಗುತ್ತದೆ. ಹೊಗೆ ತೆಳ್ಳಗೆ, ನೀಲಿಯಾಗಿ, ಕಂಡೂ ಕಾಣದ ಹಾಗಿರಬೇಕು. ಪೇಂಟ್ ಹಚ್ಚಿದ ಹಲಗೆ, ಪ್ಲೈವುಡ್ ಚೂರು ಹಾಕುವವರಿಗೆ ಏನು ಹೇಳುವುದೋ ಗೊತ್ತಿಲ್ಲ.

ಕರೆಂಟಿನಲ್ಲಿ ನಡೆಯುವ ಸ್ಮೋಕರ್ ಬಗ್ಗೆ ಒಬ್ಬ ಗೆಳೆಯ ವಾದ ಮಾಡುತ್ತಾನೆ. ಅವನ ಊರು ಮೈಸೂರು. ಜುಲೈನಲ್ಲಿ ಒಂದು ವಾರ ನಮ್ಮ ಮನೆಯಲ್ಲಿ ಇದ್ದು ನೋಡಲಿ.

ಅಮೆರಿಕದವರ ಹಾಗೆ ರಾತ್ರಿಯಿಡೀ ಹನ್ನೆರಡು ಗಂಟೆ ಹಂದಿಮಾಂಸ ಬೇಯಿಸುವ ಪದ್ಧತಿಯನ್ನೂ ಇಲ್ಲಿಗೆ ತರುವುದು ಬೇಡ. ಆನೆ ಬಂದಿದೆ ಎಂಬ ಎಚ್ಚರಿಕೆ ಮೊಬೈಲಿಗೆ ಬರುವ ಸೀಮೆ ನಮ್ಮದು, ನಡುರಾತ್ರಿ ತೋಟದಂಚಿನಲ್ಲಿ ಕೆಂಡ ಕಾಯುತ್ತ ಕೂರುವುದು ಶೌರ್ಯವಲ್ಲ. ತುಂಡು ಸಣ್ಣದು ಮಾಡಿಸಿ, ಮಧ್ಯಾಹ್ನವೇ ಹಚ್ಚಿ, ಎಂಟಕ್ಕೆ ಊಟ ಮುಗಿಸುವುದು ನಮ್ಮ ಲೆಕ್ಕ. ಬೆಂದಿತೋ ಇಲ್ಲವೋ ಎಂಬುದಕ್ಕೆ ಬಣ್ಣ ನಂಬಬೇಡಿ, ಹೊಗೆಯಲ್ಲಿ ಬೆಂದ ಕೋಳಿ ಪೂರ್ತಿ ಬೆಂದ ಮೇಲೂ ಕೆಂಪಗೆ ಕಾಣಬಹುದು. ಕೆಲವು ನೂರು ರೂಪಾಯಿಗೆ ಚುಚ್ಚುವ ಥರ್ಮಾಮೀಟರ್ ಸಿಗುತ್ತದೆ. ಕೋಳಿಯ ಒಳಗೆ 74 ಡಿಗ್ರಿ ತೋರಿಸಿದರೆ ತಿನ್ನಬಹುದು. ಹಂದಿಯ ಗಟ್ಟಿ ತುಂಡು ಬಾಯಲ್ಲಿ ಕರಗಬೇಕಾದರೆ 90ರ ಹತ್ತಿರ ಹೋಗಬೇಕು.

ಇನ್ನೊಂದು ವಿಷಯವನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಹೋದ ಜನವರಿಯ ಚಳಿಯಲ್ಲಿ ಅತಿಥಿಯೊಬ್ಬರು ಊಟ ಆದ ಮೇಲೆ ಉಳಿದ ಕೆಂಡವನ್ನು ಬಾಣಲೆಗೆ ಹಾಕಿಕೊಂಡು ಟೆಂಟಿನೊಳಗೆ ಹೊರಟಿದ್ದರು, ಬೆಚ್ಚಗಿರುತ್ತದೆ ಅಂತ. ಚಿಕ್ಕಪ್ಪ ಓಡಿಹೋಗಿ ತಡೆದರು. ಹೊಗೆ ಇಲ್ಲದ ಕೆಂಡವೂ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಮಲಗಿದವರು ಏಳುವುದಿಲ್ಲ. ಮಳೆ ಬಂತು ಅಂತ ಸ್ಮೋಕರನ್ನು ಮುಚ್ಚಿದ ವರಾಂಡಕ್ಕೆ ಎಳೆದುಕೊಳ್ಳುವವರಿಗೂ ಇದೇ ಮಾತು. ಮೇಲೆ ಶೀಟು ಇರಲಿ, ನಾಲ್ಕೂ ಬದಿ ಬಯಲಿರಲಿ. ಕೆಂಡ ಆರುವ ತನಕ ಮನೆಯವರೊಬ್ಬರು ಜವಾಬ್ದಾರಿ ಹೊರಲಿ.

ಹೋಂಸ್ಟೇ ಇರುವ ಮನೆಯ ಹುಡುಗರು, ಇಂಥ ಕೆಲಸ ಶುರು ಮಾಡೋಣ ಅಂದುಕೊಂಡಿರುವವರು ಇದನ್ನು ಓದುತ್ತಿದ್ದರೆ ಕೇಳಬೇಕಾದ ಪ್ರಶ್ನೆ ಒಂದಿದೆ. ನಿಮ್ಮ ಮನೆಯ ಬಾರ್ಬೆಕ್ಯೂ ಯಾರ ಕೆಲಸ ಕಡಿಮೆ ಮಾಡಿದೆ? ಅಂಗಳದಲ್ಲಿ ಗಂಡಸರು ಹಾಡು ಹಾಕಿಕೊಂಡು ಕೆಂಡ ಊದುತ್ತಾರೆ, ಫೋಟೊದಲ್ಲಿ ಅವರೇ ಇರುತ್ತಾರೆ. ಮಸಾಲೆ, ರೊಟ್ಟಿ, ಸಾರು, ಪಾತ್ರೆ ಒಳಗಿನವರಿಗೆ. ಮನೆಮಂದಿಯ ಅಡುಗೆಗೆ ಗ್ಯಾಸ್ ಬಂದು ಎಷ್ಟೋ ಕಾಲವಾಯಿತು. ಆದರೆ ಮೂವತ್ತು ಜನದ ರೊಟ್ಟಿಗೆ ಈಗಲೂ ಹಿಂದಿನ ಕೋಣೆಯ ಸೌದೆ ಒಲೆಯೇ ಆಗಬೇಕು. ಹೊರಗೆ ಒಂದು ಗಂಟೆ ಹೊಗೆ ತಾಗಿದ್ದಕ್ಕೆ ನನ್ನ ಕಣ್ಣು ಎರಡು ದಿನ ಉರಿದಿತ್ತು. ಚಿಕ್ಕಮ್ಮನಿಗೆ ಅದು ವಾರಾಂತ್ಯದ ಮಾಮೂಲು. ಹಾಗಾಗಿಯೇ ನಿಂತ ಡ್ರಮ್ಮನ್ನು ಆರಿಸಿದೆ. ಅದು ತಾನಾಗಿ ಬೇಯಿಸುತ್ತಿದ್ದರೆ ನಾನೂ ಚಿಕ್ಕಪ್ಪನೂ ಒಳಗೆ ಹೋಗಿ ಹಿಟ್ಟು ಕಲಸಬಹುದು. ನನ್ನ ರೊಟ್ಟಿ ಇನ್ನೂ ಭೂಪಟದ ಹಾಗೆ ಬರುತ್ತದೆ. ಅತಿಥಿಗಳು ದೂರಿಲ್ಲ.

ಹೋದ ವಾರ ಊರಿಗೆ ಹೋಗಿದ್ದಾಗ ಚಿಕ್ಕಮ್ಮ ಡ್ರಮ್ಮಿನ ಸುತ್ತ ಒಂದು ಸುತ್ತು ಹಾಕಿ, ‘ಇದಕ್ಕೆ ಇಷ್ಟೆಲ್ಲ ತಲೆ ಓಡಿಸ್ದೆ. ಹಂಗೇ ನಿಂತ್ಕಂಡು ರೊಟ್ಟಿ ಸುಡೋ ಹಂಗೆ, ಹೊಗೆ ಮೇಲಕ್ಕೆ ಹೋಗೋ ಹಂಗೆ ಒಂದು ಒಲೆ ಮಾಡ್ಸಿಕೊಡು ಹೊರಗೆ’ ಅಂದರು. ಎರಡು ಹೆಂಚು ಕೂರಬೇಕು, ಎತ್ತರ ಅವರ ಸೊಂಟದ ಮಟ್ಟಕ್ಕಿರಬೇಕು, ಕೊಳವೆ ಶೀಟಿನ ಮೇಲೆ ಹೋಗಬೇಕು. ಅಳತೆ ತಗೊಂಡು ಬಂದಿದ್ದೇನೆ. ಡ್ರಾಯಿಂಗ್ ಮುಗಿದ ಮೇಲೆ ವೆಲ್ಡಿಂಗ್ ಶಾಪಿಗೆ ಕೊಡಬೇಕು. ಇಂಟರ್ನಲ್ಸ್ ಸೋಮವಾರದಿಂದ ಇದೆ, ಅದು ಆಮೇಲೆ.