ಜೀಪಿನ ಸ್ಟೇರಿಂಗೂ ವಾರಂಟಿಯ ಕರಾರೂ

ಮೂಡಿಗೆರೆ, ಕಳಸ ಸೀಮೆಗಳ ಕಾಫಿ ತೋಟಗಳಲ್ಲಿ ಜೀಪಿಲ್ಲದೆ ಕೆಲಸ ಸಾಗದೆಂಬುದು ಸರ್ವವಿದಿತ. ಆದರೆ ಮಳೆಗಾಲದ ಕೆಸರುದಾರಿಯಲ್ಲಿ ಬೇಗನೆ ಕೆಡುವುವುಗಳಲ್ಲಿ ಟೈರಾಡಿನ ತುದಿಯ ಗುಂಡುಕೀಲೂ ಒಂದು. ಅದರ ಮೇಲಣ ರಬ್ಬರು ಹೊದಿಕೆ ಹರಿದೊಡನೆ ನೀರೂ ಮರಳೂ ಒಳಹೊಕ್ಕು ಗ್ರೀಸು ತೊಳೆದುಹೋಗುತ್ತದೆ. ಕೀಲು ಸವೆದು ಸ್ಟೇರಿಂಗು ಆಡತೊಡಗುತ್ತದೆ. ಕಡೆಗೆ ಕೀಲೇ ಕಳಚಿದರೆ ಚಕ್ರಗಳು ಚಾಲಕನ ಹತೋಟಿಯಲ್ಲಿ ಉಳಿಯವು. ಘಟ್ಟದ ತಿರುವಿನಲ್ಲಿ ಇದರ ಫಲವೇನೆಂದು ವಿವರಿಸಬೇಕಾದುದಿಲ್ಲ.

ಭಾಗ ಮುರಿದಾಗ, ಇದು ಒರಟು ಬಳಕೆಯ ಸವೆತ, ವಾರಂಟಿಗೆ ಸೇರದು ಎಂಬ ಉತ್ತರ ಬರುವುದುಂಟು. ದುರ್ಗಮ ದಾರಿಗೆಂದೇ ಮಾರಿದ ಗಾಡಿಯನ್ನು ಆ ದಾರಿಯಲ್ಲಿ ಓಡಿಸಿದುದೇ ಅಪರಾಧವೆನ್ನುವುದು ನ್ಯಾಯವಲ್ಲ. ಆದರೂ ಯಜಮಾನರ ಕಡೆಯೂ ತಪ್ಪುಂಟು. ಸರ್ವಿಸ್ ಮಾಡಿಸಿದ ರಶೀದಿಗಳನ್ನು ಜೋಪಾನವಾಗಿಡುವವರು ವಿರಳ. ಮುರಿದ ಭಾಗವನ್ನಂತೂ ವರ್ಕ್‌ಷಾಪಿನಲ್ಲಿಯೇ ಬಿಟ್ಟುಬರುತ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಮೇರೆಗೆ ದೋಷವನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಲು ಜಿಲ್ಲಾ ಆಯೋಗಕ್ಕೆ ಅಧಿಕಾರವಿದೆ. ಭಾಗವೇ ಇಲ್ಲದಿದ್ದರೆ ಪರೀಕ್ಷಿಸುವುದೇನನ್ನು? ದೂರು ಕೊಡಲು ವಾಯಿದೆ 2 ವರ್ಷ. ವಾಣಿಜ್ಯಕ್ಕೆಂದು ಕೊಂಡ ಗಾಡಿಗೆ ಕಾಯಿದೆ ಅನ್ವಯಿಸದೆಂಬ ತಕರಾರೂ ಏಳಬಹುದು. ಸ್ವಂತ ದುಡಿಮೆಯ ಜೀವನಕ್ಕಾಗಿಯೇ ಕೊಂಡವರಿಗೆ ಅದರಲ್ಲಿ ವಿನಾಯಿತಿಯುಂಟು. ದೊಡ್ಡ ತೋಟದವರು ಅದನ್ನು ನೆಚ್ಚಿ ಕೂರಲಾಗದು.